ಗೇಮ್ ಮ್ಯಾಟ್ ಮೇಲೆ ಮಿನಿ ಜಾರುತ್ತಿದೆಯಾ? ದೋಷ ಎಲ್ಲಿದೆ ಅಂತ ಮೊದಲು ಹುಡುಕಿ

ಅಳೆದೂ ಸುರಿದೂ ಆರು ಇಂಚು ಮುಂದೆ ಇಟ್ಟ ಮಿನಿಯೇಚರ್ (ಆಟದ ಪುಟ್ಟ ಸೈನಿಕನ ಬೊಂಬೆ, ಚಿಕ್ಕದಾಗಿ ಮಿನಿ), ಎದುರಿಗೆ ಕೂತವರು ದಾಳ ಉರುಳಿಸುವಷ್ಟರಲ್ಲಿ ಅರ್ಧ ಇಂಚು ಸರಿದಿರುತ್ತದೆ. ಗೋಡೆಯ ಮರೆಯಲ್ಲಿ ನಿಲ್ಲಿಸಿದ್ದು ಬಯಲಿಗೆ ಬಂದಿರುತ್ತದೆ. ಅಲ್ಲಿಂದ ಮಾತಿಗೆ ಮಾತು ಬೆಳೆಯುತ್ತದೆ. ವಾರ್‌ಹ್ಯಾಮರ್ ತರಹದ, ಟೇಬಲ್ ಮೇಲೆ ಚಿತ್ರದ ಮ್ಯಾಟ್ ಹಾಸಿ ಪುಟ್ಟ ಸೈನ್ಯಗಳನ್ನು ಕಾದಾಡಿಸುವ ಆಟಗಳಲ್ಲಿ ಅರ್ಧ ಇಂಚಿಗೆ ಬೆಲೆ ಇದೆ. ಗುಂಡು ತಾಗುತ್ತಾ ಇಲ್ವಾ ಅನ್ನೋದು ಅಷ್ಟರಲ್ಲೇ ತೀರ್ಮಾನ ಆಗುತ್ತದೆ. ಹಾಗಾಗಿ ಜಾರುವ ಮ್ಯಾಟನ್ನು ಸಣ್ಣ ತೊಂದರೆ ಅಂತ ಬಿಟ್ಟುಬಿಡಬೇಡಿ.

ಬೆಳಗಾವಿಯಲ್ಲಿ ನಮ್ಮ ಜೊತೆ ಆಡುವ ಹುಡುಗರು ಈ ತೊಂದರೆ ಹೇಳಿಕೊಂಡು ಬಂದಾಗ ಕೇಳುವುದು ಒಂದೇ ಮಾತು: "ಅಣ್ಣಾ, ಮ್ಯಾಟಿಗೆ ಏನ್ ಹಚ್ಚಬೇಕ್ರಿ?" ನನ್ನ ಉತ್ತರವೂ ಒಂದೇ. ಸದ್ಯಕ್ಕೆ ಏನೂ ಹಚ್ಚಬೇಡಿ. ಯಾವುದು ಯಾವುದರ ಮೇಲೆ ಜಾರುತ್ತಿದೆ ಅಂತ ಮೊದಲು ನೋಡಿ. ನಾನು ನೋಡಿದ ಬಹಳಷ್ಟು ಟೇಬಲ್‌ಗಳಲ್ಲಿ ದೋಷ ಮ್ಯಾಟಿನಲ್ಲಿ ಇರಲೇ ಇಲ್ಲ. ಮಿನಿ ನಿಲ್ಲುವ ಪೀಠ, ಅಂದರೆ ಬೇಸಿನ ತಳದಲ್ಲಿತ್ತು, ಇಲ್ಲವೇ ಧೂಳಿನಲ್ಲಿತ್ತು, ಇಲ್ಲವೇ ಮ್ಯಾಟಿನ ಕೆಳಗೆ ಇತ್ತು. ಮ್ಯಾಟಿಗೆ ಒಮ್ಮೆ ಹಚ್ಚಿದ್ದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ದುಡ್ಡು ಕೊಟ್ಟು ತಂದ ಚಿತ್ರವೂ ಹಾಳಾಗುತ್ತದೆ.

ಯಾವುದು ಸರಿಯುತ್ತಿದೆ?

ಇದಕ್ಕೆ ಬೇಕಾಗುವುದು ಕಾಗದದ ಟೇಪು, ಸೀಮೆಸುಣ್ಣ, ಅಷ್ಟೇ. ಆಟ ಶುರುವಾಗುವ ಮೊದಲು ಮ್ಯಾಟಿನ ನಾಲ್ಕೂ ಮೂಲೆಗೆ ಒತ್ತಿ ಟೇಬಲ್ ಮೇಲೆ ಒಂದೊಂದು ಟೇಪಿನ ಚೂರು ಅಂಟಿಸಿ. ಮ್ಯಾಟಿಗೆ ತಾಗಿಸಿ, ಮ್ಯಾಟಿನ ಮೇಲೆ ಬೇಡ. ಬಟ್ಟೆಯ ಮ್ಯಾಟ್ ಆದರೆ ಕೆಲವು ಮಿನಿಗಳ ಬೇಸಿನ ಸುತ್ತ ಸೀಮೆಸುಣ್ಣದಿಂದ ತೆಳ್ಳಗೆ ಗುರುತು ಹಾಕಿ. ಬ್ಯಾನರಿನ ಫ್ಲೆಕ್ಸಿನಲ್ಲಿ ಪ್ರಿಂಟ್ ಹಾಕಿಸಿದ ಮ್ಯಾಟ್ ಆದರೆ ಬೇಸಿನ ಪಕ್ಕ ಟೇಪಿನ ಚೂರು ಸಾಕು. ಆಮೇಲೆ ಯಾವತ್ತಿನ ಹಾಗೆ ಆಡಿ. ದಾಳ ಉರುಳಿಸಿ, ಟೇಬಲ್ ಮೇಲೆ ಬಾಗಿ, ಟೇಪ್ ಹಿಡಿದು ಅಳೆಯಿರಿ.

ಒಂದು ಸುತ್ತು ಮುಗಿದ ಮೇಲೆ ನೋಡಿ. ಮೂಲೆಯ ಟೇಪಿಗೂ ಮ್ಯಾಟಿಗೂ ನಡುವೆ ಸಂದು ಬಿದ್ದಿದ್ದರೆ ಮ್ಯಾಟೇ ಓಡಾಡುತ್ತಿದೆ. ಮೂಲೆಗಳು ಇದ್ದಲ್ಲೇ ಇದ್ದು ಮಿನಿಗಳು ಗುರುತಿನಿಂದ ಆಚೆ ಹೋಗಿದ್ದರೆ ದೋಷ ಬೇಸಿಗೂ ಮ್ಯಾಟಿಗೂ ನಡುವೆ ಇದೆ. ಎಲ್ಲ ಮಿನಿಗಳೂ ಒಂದೇ ದಿಕ್ಕಿಗೆ ಸರಿದಿದ್ದರೆ ಟೇಬಲ್ ಓರೆ ಇದೆ, ಇಲ್ಲ ಗಾಳಿ ತಳ್ಳುತ್ತಿದೆ. ಒಂದೇ ಜಾಗದಲ್ಲಿ ಇಟ್ಟವು ಮಾತ್ರ ಸರಿದಿದ್ದರೆ ಮ್ಯಾಟಿನಲ್ಲಿ ಅಲ್ಲಿ ಉಬ್ಬು ಇದೆ. ಒಂದೇ ಸೈನ್ಯದ ಮಿನಿಗಳು ಮಾತ್ರ ಜಾರುತ್ತಿದ್ದು, ಎದುರಾಳಿಯವು ಗಟ್ಟಿಯಾಗಿ ನಿಂತಿದ್ದರೆ ಮ್ಯಾಟನ್ನು ಮುಟ್ಟಲೇಬೇಡಿ. ಮಿನಿ ಎತ್ತಿ ಬೇಸಿನ ತಳ ತಿರುಗಿಸಿ ನೋಡಿ.

ಟೇಬಲ್ ಓರೆಯ ಬಗ್ಗೆ ಒಂದು ಮಾತು. ಮನೆಯ ಟೇಬಲ್ ಎಷ್ಟೇ ಓರೆ ಇದ್ದರೂ ಒಂದೆರಡು ಡಿಗ್ರಿ ಮೀರುವುದಿಲ್ಲ. ಅಷ್ಟಕ್ಕೆ ಯಾವ ಮಿನಿಯೂ ತಾನಾಗಿ ಜಾರುವುದಿಲ್ಲ. ಆದರೆ ಟೇಬಲ್ ಅಲುಗಿದರೆ ಕತೆ ಬೇರೆ. ದಾಳ ಬಿದ್ದಾಗ, ಯಾರೋ ಮೊಣಕೈ ಊರಿದಾಗ ಬರುವ ಸಣ್ಣ ನಡುಕದಲ್ಲಿ ಬೇಸ್ ಕ್ಷಣಕಾಲ ಹಿಡಿತ ಬಿಡುತ್ತದೆ. ಪ್ರತಿ ಸಲವೂ ಇಳಿಜಾರಿನ ಕಡೆಗೆ ಕೂದಲೆಳೆಯಷ್ಟು ಸರಿಯುತ್ತದೆ. ಟೇಬಲ್ ಕಾಲಿನ ಕೆಳಗೆ ರಟ್ಟಿನ ಚೂರು ಇಟ್ಟು ಅಲುಗಾಟ ನಿಲ್ಲಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ದಾಳ ಉರುಳಿಸಲು ಬೇರೆ ತಟ್ಟೆ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಹಲಗೆ ಎತ್ತಿ ಅಳೆಯುವುದು

"ಸ್ವಲ್ಪ ಜಾರುತ್ತೆ", "ಬಹಳ ಜಾರುತ್ತೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಅಳತೆ ಬೇಕು. 30 ಸೆಂ.ಮೀ. ಉದ್ದದ ಒಂದು ಹಲಗೆ ತಗೊಳ್ಳಿ. ದಪ್ಪ ರಟ್ಟಿನ ಪುಸ್ತಕವೂ ನಡೆಯುತ್ತದೆ, ಉದ್ದ ಮಾತ್ರ 30 ಇರಲಿ. ಮ್ಯಾಟಿನ ಒಂದು ಮೂಲೆಯನ್ನು ಅದರ ಮೇಲೆ ಹಾಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಗಟ್ಟಿ ಹಿಡಿಸಿ. ಮೇಲೆ ಮಿನಿ ಇಡಿ. ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ. ಪಕ್ಕದಲ್ಲಿ ಸ್ಕೇಲ್ ನೆಟ್ಟಗೆ ಹಿಡಿದು, ಮಿನಿ ಜಾರಿದ ಕ್ಷಣದಲ್ಲಿ ತುದಿ ಎಷ್ಟು ಎತ್ತರದಲ್ಲಿತ್ತು ಅಂತ ಬರೆದುಕೊಳ್ಳಿ.

5 ಸೆಂ.ಮೀ. ಎತ್ತರ ಅಂದರೆ ಸುಮಾರು 10 ಡಿಗ್ರಿ. 8 ಅಂದರೆ 15 ಡಿಗ್ರಿಯ ಆಸುಪಾಸು, 10 ಅಂದರೆ 20 ಡಿಗ್ರಿಗೆ ಹತ್ತಿರ, 15 ಅಂದರೆ ಸರಿಯಾಗಿ 30 ಡಿಗ್ರಿ. ಐದಕ್ಕೇ ಜಾರಿದರೆ ಆ ಮಿನಿಯನ್ನು ಸರಿಸಲು ಅದರ ತೂಕದ ಆರನೇ ಒಂದು ಪಾಲು ಬಲ ಸಾಕು ಅಂತ ಅರ್ಥ. ಪ್ಲಾಸ್ಟಿಕ್ಕಿನ ಸಣ್ಣ ಮಿನಿ 5 ಗ್ರಾಂ ತೂಗಿದರೆ ಒಂದು ಗ್ರಾಂ ಕೂಡ ಬೇಡ. ಅಂಗಿಯ ತೋಳು ಸವರಿದರೂ ಹೋಗುತ್ತದೆ. ಹತ್ತು ಸೆಂಟಿಮೀಟರ್ ತನಕ ನಿಂತರೆ ಆಟಕ್ಕೆ ಸಾಕು. ಹದಿನೈದು ದಾಟಿದರೂ ಜಾರದಿದ್ದರೆ ಹಿಡಿತ ಅತಿ ಆಯ್ತು. ಅದರ ತೊಂದರೆ ಬೇರೆ, ಮುಂದೆ ಹೇಳುತ್ತೇನೆ.

ಮಿನಿ ಜಾರುವ ಬದಲು ಮಗುಚಿ ಬಿದ್ದರೆ ಅದನ್ನು ಲೆಕ್ಕಕ್ಕೆ ತಗೋಬೇಡಿ. ಎತ್ತರದ ಈಟಿ, ರೆಕ್ಕೆ, ಬಾವುಟ ಇರುವ ಮಿನಿಗಳು ಹಾಗೆ ಮಾಡುತ್ತವೆ. ಗಿಡ್ಡನೆಯ ಮಿನಿ, ಇಲ್ಲ ಬರೀ ಬೇಸ್ ಇಟ್ಟು ನೋಡಿ.

ಈ ಅಳತೆಯನ್ನು ಏನೇ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ತಗೊಳ್ಳಿ. ತೊಳೆದ ಮೇಲೆ 6 ಇದ್ದದ್ದು 9 ಆಯ್ತು ಅಂದರೆ ತೊಳೆದದ್ದರಿಂದ ಏನು ಸಿಕ್ಕಿತು ಅಂತ ಕಣ್ಣೆದುರೇ ಇರುತ್ತದೆ.

ಮ್ಯಾಟೇ ಓಡಾಡುತ್ತಿದ್ದರೆ

ಇದು ಸುಲಭದ ದೋಷ. ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಊಟದ ಟೇಬಲ್ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಶೀಟ್ ಹಾಸಿರುತ್ತಾರೆ, ಅದರ ಮೇಲೇ ಮ್ಯಾಟ್ ಬಿಚ್ಚುತ್ತಾರೆ. ಆ ಶೀಟು ಟೇಬಲ್ ಮೇಲೆ ಜಾರುತ್ತದೆ, ಮ್ಯಾಟು ಶೀಟಿನ ಮೇಲೆ ಜಾರುತ್ತದೆ. ಶೀಟ್ ತೆಗೆಯಿರಿ. ಸನ್‌ಮೈಕಾ ಟೇಬಲ್ಲಿಗೆ ಪಾಲಿಶ್ ಸ್ಪ್ರೇ ಹೊಡೆಯುವ ರೂಢಿ ಇದ್ದರೆ ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಒರೆಸಿ, ಆಮೇಲೆ ಬರೀ ನೀರಿನಿಂದ ಒರೆಸಿ, ಒಣಗಲು ಬಿಡಿ.

ನಿಯೋಪ್ರೀನ್ ಮ್ಯಾಟ್ ಅಂದರೆ ಮೇಲೆ ಪಾಲಿಯೆಸ್ಟರ್ ಬಟ್ಟೆ, ಕೆಳಗೆ ರಬ್ಬರ್ ಇರುವಂಥದ್ದು, ದೊಡ್ಡ ಮೌಸ್‌ಪ್ಯಾಡ್ ಇದ್ದ ಹಾಗೆ. ಸಾಮಾನ್ಯವಾಗಿ 2 ಮಿ.ಮೀ. ದಪ್ಪ. ಅದರ ರಬ್ಬರಿಗೆ ಧೂಳು ಹತ್ತಿದರೆ ಹಿಡಿತವೆಲ್ಲ ಹೋಗುತ್ತದೆ. ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ವಾಪಸ್ ಬರುತ್ತದೆ. ಫ್ಲೆಕ್ಸ್ ಮ್ಯಾಟಿಗೆ ಈ ರಬ್ಬರ್ ತಳ ಇಲ್ಲ. ಅದರ ಕೆಳಗೆ ಅಡುಗೆಮನೆಯ ಡ್ರಾಯರಿನಲ್ಲಿ ಹಾಸುವ ಜಾಳಿಗೆಯಂಥ ಆ್ಯಂಟಿ ಸ್ಕಿಡ್ ಮ್ಯಾಟ್ ಹಾಸಿ. ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ಪೂರ್ತಿ ಹಾಸಬೇಕಿಲ್ಲ, ನಾಲ್ಕು ಮೂಲೆಗೆ ಮತ್ತು ನಡುವೆ ಒಂದೊಂದು ತುಂಡು ಸಾಕು. ಆಟ ಮುಗಿದ ಮೇಲೆ ತೆಗೆದಿಡಿ. ತಿಂಗಳುಗಟ್ಟಲೆ ಬಿಟ್ಟರೆ ವಾರ್ನಿಶ್ ಮಾಡಿದ ಮರದ ಮೇಲೆ ಕಲೆ ಕೂರುತ್ತದೆ.

ಜಾಳಿಗೆ ಸಿಗದಿದ್ದರೆ ದಪ್ಪ ಖಾದಿ ಬಟ್ಟೆ ಹಾಸಿ ನೋಡಿ. ನಮ್ಮ ಜಿಲ್ಲೆಯ ಹುದಲಿ ಖಾದಿಗೆ ಹೆಸರಾದ ಊರು. 1937ರಲ್ಲಿ ಗಾಂಧೀಜಿ ಬಂದು ಉಳಿದಿದ್ದ ಊರು ಅದು. ಕೈಯಲ್ಲಿ ನೂತ ಹತ್ತಿ ನೂಲಿನಲ್ಲಿ ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ, ಅವು ಹಿಡಿಯುತ್ತವೆ. ಪಾಲಿಯೆಸ್ಟರ್ ಎಳೆ ನುಣ್ಣಗಿರುವುದರಿಂದ ಪಾಲಿಯೆಸ್ಟರ್ ಬೆಡ್‌ಶೀಟ್ ಹಾಸಿದರೆ ತೊಂದರೆ ಜಾಸ್ತಿಯೇ ಆಗುತ್ತದೆ.

ಮೊದಲು ಚೆನ್ನಾಗಿತ್ತು, ಈಗ ಜಾರುತ್ತಿದೆ

ಹೀಗಂದರೆ ಮ್ಯಾಟ್ ಬದಲಾಗಿಲ್ಲ, ಅದರ ಮೇಲೆ ಏನೋ ಕೂತಿದೆ. ಬೆಳಗಾವಿಯ ಕೆಂಪು ಧೂಳು, ವಿಜಯಪುರದ ಕಡೆಯಾದರೆ ಎರೆ ಮಣ್ಣಿನ ನುಣುಪು ಧೂಳು, ಎರಡೂ ಬೇಸಿಗೂ ಮ್ಯಾಟಿಗೂ ನಡುವೆ ಪದರವಾಗಿ ಕೂರುತ್ತವೆ. ಬೇಸಿಗೆ ಮ್ಯಾಟ್ ಸಿಗುವುದೇ ಇಲ್ಲ.

ಆದರೆ ನಮ್ಮ ಮನೆಗಳಲ್ಲಿ ಧೂಳಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಕೇರಂ ಪೌಡರ್. ಶಹಾಪುರದ ಒಂದು ಮನೆಯಲ್ಲಿ ಕೇರಂ ಬೋರ್ಡನ್ನೇ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಮ್ಯಾಟ್ ಹಾಸಿ ಆಡುತ್ತಿದ್ದರು. ಸಣ್ಣ ಆಟಗಳಿಗೆ ಬೋರ್ಡಿನ ಅಳತೆ ಚೆನ್ನಾಗಿ ಹೊಂದುತ್ತದೆ, ಕಟ್ಟೆ ಇರುವುದರಿಂದ ದಾಳವೂ ಕೆಳಗೆ ಬೀಳುವುದಿಲ್ಲ. ಆದರೆ ಮಿನಿಗಳು ಎಣ್ಣೆ ಹಚ್ಚಿದಂತೆ ಓಡುತ್ತಿದ್ದವು. ಮ್ಯಾಟ್ ಹೊಸದು, ಬೇಸ್ ಹೊಸದು. ಕಪ್ಪು ಬಟ್ಟೆಯೊಂದನ್ನು ಬೆರಳಿಗೆ ಸುತ್ತಿ ಮ್ಯಾಟಿನ ಮೇಲೆ ಒಂದು ಗೇಣು ಎಳೆದಾಗ ಬಟ್ಟೆಯ ಮೇಲೆ ಬೆರಳಗಲದ ಬಿಳಿ ಗೆರೆ ಬಂತು. ಮಿನಿ ತಿರುಗಿಸಿದರೆ ಬೇಸಿನ ಅಂಚಿನ ಸುತ್ತಲೂ ಬಳೆಯ ಹಾಗೆ ಬಿಳಿ ಪುಡಿ. ಮ್ಯಾಟ್ ಸುತ್ತಿಡುವಾಗ ತಳದ ಪುಡಿ ಮೇಲಿನ ಬದಿಗೆ ಹತ್ತಿಕೊಂಡಿತ್ತು. ಬೋರಿಕ್ ಪೌಡರ್ ಇರುವುದೇ ಜಾರಿಸಲಿಕ್ಕೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಹಾಗಾಗಿ ಕಪ್ಪು ಬಟ್ಟೆಯ ಪರೀಕ್ಷೆ ಎಲ್ಲರೂ ಮಾಡಿ. ಬಿಳಿ ಬಂದರೆ ಪೌಡರ್. ಹೊಸ ರಬ್ಬರ್ ಅಥವಾ ಪಿವಿಸಿ ಸಾಮಾನಿನ ಮೇಲೆ ಒಂದಕ್ಕೊಂದು ಅಂಟದಿರಲಿ ಅಂತ ಉದುರಿಸಿದ ಟಾಲ್ಕ್ ಪುಡಿಯೂ ಹೀಗೇ ಕಾಣುತ್ತದೆ. ಜಿಡ್ಡು ಬಂದರೆ ಕೈಯೆಣ್ಣೆ, ಇಲ್ಲ ಆಟದ ನಡುವೆ ತಿಂದ ಚುರುಮುರಿ.

ತೊಳೆಯುವ ರೀತಿ ಹೀಗೆ. ನಿಯೋಪ್ರೀನ್ ಅಥವಾ ಬಟ್ಟೆಯ ಮ್ಯಾಟಿಗೆ ಉಗುರುಬೆಚ್ಚಗಿನ ನೀರು, ಒಂದು ಬಕೆಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕಾರು ಹನಿ, ಮೆತ್ತನೆಯ ಸ್ಪಂಜು. ಸೋಪು ಪೂರ್ತಿ ಹೋಗುವ ತನಕ ನೀರು ಹಾಯಿಸಿ, ಯಾಕೆಂದರೆ ಉಳಿದ ಸೋಪೂ ಜಾರಿಸುತ್ತದೆ. ಹಿಂಡಬೇಡಿ, ಇಸ್ತ್ರಿ ಬೇಡ, ವಾಷಿಂಗ್ ಮಷಿನ್ ಬೇಡ. ಮಟ್ಟಸ ಜಾಗದಲ್ಲಿ ನೆರಳಿನಲ್ಲಿ ಒಣಗಿಸಿ. ಫ್ಲೆಕ್ಸ್ ಆದರೆ ಸೋಪಿನ ನೀರಿನ ಬಟ್ಟೆ, ಆಮೇಲೆ ಬರೀ ನೀರಿನ ಬಟ್ಟೆ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರಾವಣ ಹತ್ತಿರವೂ ತರಬೇಡಿ. ಚಿತ್ರದ ಇಂಕು ಎದ್ದುಬರುತ್ತದೆ. ಬೇಸಿನ ತಳವನ್ನೂ ಒರೆಸಿ. ಮ್ಯಾಟ್ ತೊಳೆದು ಬೇಸ್ ಮರೆತರೆ ಪುಡಿ ಮರುದಿನವೇ ವಾಪಸ್ ಬರುತ್ತದೆ.

ಹೊಸ ಫ್ಲೆಕ್ಸ್ ಮೊದಲ ದಿನದಿಂದಲೇ ಜಾರಿದರೆ

ನಿಯೋಪ್ರೀನ್ ಮ್ಯಾಟ್ ತರಿಸುವುದು ದುಬಾರಿ ಅಂತ ನಮ್ಮಲ್ಲಿ ಬಹಳ ಜನ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತಾರೆ. ಅದು ಒಳ್ಳೆಯ ದಾರಿಯೇ. ವಾರ್‌ಹ್ಯಾಮರ್ 40,000 ಆಟಕ್ಕೆ 2020ರಿಂದ ಹೇಳುವ 44 ಇಂಚು 60 ಇಂಚಿನ ಅಳತೆ ಫ್ಲೆಕ್ಸ್ ಅಂಗಡಿಯವರಿಗೆ ಸಣ್ಣ ಬ್ಯಾನರ್ ಅಷ್ಟೇ. ಫ್ಲೆಕ್ಸ್ ಅಂದರೆ ಪಾಲಿಯೆಸ್ಟರ್ ಜಾಲರಿಯ ಎರಡೂ ಕಡೆ ಪಿವಿಸಿ ಲೇಪಿಸಿದ್ದು. ಹೊಳಪಿನ ಫ್ಲೆಕ್ಸಿನ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಬೇಸ್ ಇಟ್ಟರೆ ನುಣುಪಿನ ಮೇಲೆ ನುಣುಪು ಇಟ್ಟಂತಾಯಿತು.

ಇನ್ನೂ ಪ್ರಿಂಟ್ ಹಾಕಿಸಿಲ್ಲವಾದರೆ ಅಂಗಡಿಯಲ್ಲೇ ಹೇಳಿ: "ಕಾಕಾ, ಹೊಳಪಿಂದು ಬ್ಯಾಡ್ರಿ, ಮ್ಯಾಟ್ ಫಿನಿಶ್ ಇರಲಿ. ಲ್ಯಾಮಿನೇಷನ್ ಹಾಕೂದಾದ್ರ ಅದೂ ಹೊಳಪಿಲ್ಲದ್ದೇ ಹಾಕ್ರಿ." ಸ್ಯಾಂಪಲ್ ತುಂಡು ಕೇಳಿ. ಜೇಬಿನಲ್ಲಿ ಒಂದು ಖಾಲಿ ಬೇಸ್ ಒಯ್ದಿದ್ದರೆ ಅಲ್ಲೇ ತುಂಡಿನ ಮೇಲಿಟ್ಟು ಓರೆ ಮಾಡಿ ನೋಡಬಹುದು. ಈ ಒಂದು ನಿಮಿಷದ ಕೆಲಸ ಮುಂದಿನ ಎಲ್ಲ ತಾಪತ್ರಯ ಉಳಿಸುತ್ತದೆ.

ಪ್ರಿಂಟ್ ಆಗಿ ಬಂದ ಮೇಲೆ ಒಂದೆರಡು ದಿನ ಬಿಚ್ಚಿ ಗಾಳಿಗೆ ಇಡಿ. ಸಾಲ್ವೆಂಟ್ ಇಂಕಿನ ವಾಸನೆ ಹೋಗುವ ತನಕ ಮಿನಿ ಇಡಬೇಡಿ, ಆ ಸಾಲ್ವೆಂಟ್ ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ಒಳ್ಳೆಯದಲ್ಲ.

ಈಗಾಗಲೇ ಹೊಳಪಿನ ಫ್ಲೆಕ್ಸ್ ಕೈಯಲ್ಲಿದ್ದರೆ ಹೊಳಪಿಲ್ಲದ (ಮ್ಯಾಟ್ ಫಿನಿಶ್) ವಾರ್ನಿಶ್ ಸ್ಪ್ರೇ ಹೊಡೆಯಬಹುದು. ಅದು ಒಣಗಿದ ಮೇಲೆ ಮೇಲ್ಮೈ ಸ್ವಲ್ಪ ಒರಟಾಗುತ್ತದೆ. ಮೊದಲು ಅಂಚಿನಲ್ಲಿ ಅಂಗೈಯಗಲ ಹೊಡೆದು ಒಂದು ದಿನ ಬಿಟ್ಟು, ಆ ಜಾಗ ಮಡಚಿ ನೋಡಿ. ಬಿರುಕು ಬಿಟ್ಟರೆ ಆ ಸ್ಪ್ರೇ ನಿಮ್ಮ ಫ್ಲೆಕ್ಸಿಗೆ ಆಗುವುದಿಲ್ಲ. ಬೆಳಗಾವಿಯಲ್ಲಿರುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ವಾರ್ನಿಶ್ ಬಿಳಿಚಿಕೊಳ್ಳುತ್ತದೆ, ಚಿತ್ರದ ಮೇಲೆ ಮಂಜು ಕವಿದಂತಾಗುತ್ತದೆ, ಮತ್ತೆ ಸರಿ ಮಾಡುವುದು ಕಷ್ಟ. ವಿಜಯಪುರ, ಬಾಗಲಕೋಟೆಯವರಿಗೆ ಈ ಕಷ್ಟ ಕಡಿಮೆ.

ಅರಳೆಣ್ಣೆ, ಫರ್ನಿಚರ್ ಪಾಲಿಶ್, ಕಾರಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ದ್ರವ ಇವೆಲ್ಲ ಮ್ಯಾಟಿಗೆ ಕಳೆ ಕೊಡುತ್ತವೆ, ಹಿಡಿತ ಕೊಡುವುದಿಲ್ಲ.

ಬೇಸಿನ ತಳ

ನನ್ನ ಅನುಭವದಲ್ಲಿ ನಿಜವಾದ ಪರಿಹಾರ ಸಿಗುವುದು ಇಲ್ಲಿ. ಮ್ಯಾಟನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಬೇಸ್ ನಿಮ್ಮದೇ. ತಳಕ್ಕೆ ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಬೇಡವಾದರೆ ಕಿತ್ತು ತೆಗೆಯಬಹುದು. ಬೇರೆ ಊರಿಗೆ ಆಡಲು ಹೋದರೆ ಹಿಡಿತ ನಿಮ್ಮ ಜೊತೆಗೇ ಬರುತ್ತದೆ.

ಪ್ಲಾಸ್ಟಿಕ್ಕಿನ ದುಂಡು ಬೇಸುಗಳು 25, 32, 40 ಮಿ.ಮೀ. ಹೀಗೆ ಬರುತ್ತವೆ. ಹೆಚ್ಚಿನವು ಕೆಳಗೆ ಟೊಳ್ಳು. ಅಂದರೆ ಮ್ಯಾಟಿಗೆ ತಾಗುವುದು ಸುತ್ತಲಿನ ತೆಳು ಅಂಚು ಮಾತ್ರ. ಆ ಅಂಚಿನ ಮೇಲೆ ಬೆರಳಾಡಿಸಿ. ಅಚ್ಚಿನ ಚೌಕಟ್ಟಿನಿಂದ ಕತ್ತರಿಸಿದ ಜಾಗದಲ್ಲಿ ಒಂದು ಮೊಳಕೆ ಉಳಿದಿರುತ್ತದೆ. ಅದು ಇದ್ದರೆ ಬೇಸ್ ಆ ಮೊಳಕೆ ಮತ್ತು ಅದರ ಎದುರಿನ ಅಂಚಿನ ಮೇಲೆ ನಿಂತು ಅಲ್ಲಾಡುತ್ತದೆ, ಮುಟ್ಟಿದರೆ ತಿರುಗುತ್ತದೆ. ಗಾಜಿನ ಮೇಲಿಟ್ಟು ಒಂದು ಕಡೆ ಒತ್ತಿದರೆ ಟಕ್ ಟಕ್ ಸದ್ದು ಬರುತ್ತದೆ. 220 ನಂಬರಿನ ಸ್ಯಾಂಡ್ ಪೇಪರನ್ನು ಗಾಜಿನ ಮೇಲೆ ಅಂಟಿಸಿ, ಬೇಸನ್ನು ಅದರ ಮೇಲೆ ವೃತ್ತಾಕಾರವಾಗಿ ಉಜ್ಜಿ. ಅಂಚು ಮಟ್ಟಸವಾಗುತ್ತದೆ, ಹೊಳಪೂ ಹೋಗುತ್ತದೆ. ಇಷ್ಟರಲ್ಲೇ ಹಲಗೆಯ ಅಳತೆ ಮೇಲೇರುವುದನ್ನು ನೀವೇ ನೋಡುತ್ತೀರಿ.

ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಬೇಸ್ ಆದರೆ ಪ್ರಿಂಟರಿನ ಯಾವ ಹಾಸಿನ ಮೇಲೆ ಅಚ್ಚಾಗಿದೆ ಕೇಳಿ. ಗಾಜಿನ ಮೇಲೆ ಅಚ್ಚಾದದ್ದರ ತಳ ಕನ್ನಡಿಯಷ್ಟು ನುಣುಪು. ಒರಟು ಹಾಸಿನ ಮೇಲೆ ಅಚ್ಚಾದದ್ದು ತಾನಾಗಿಯೇ ತರಿತರಿ ಇರುತ್ತದೆ. ಮುಂದಿನ ಸಲ ಹಾಗೆ ಮಾಡಿಸಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ರಬ್ಬರ್ ಹಾಕಿ. ನಾನು ಮೊದಲು ಸೂಚಿಸುವುದು ಹಳೆಯ ಸೈಕಲ್ ಟ್ಯೂಬ್. ಪಂಕ್ಚರ್ ಅಂಗಡಿಯಲ್ಲಿ ಎಸೆಯಲು ಇಟ್ಟಿರುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಪುಡಿಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಒಳಗೆ ಟಾಲ್ಕ್ ಇರುತ್ತದೆ, ತೊಳೆಯದೆ ಬಳಸಿದರೆ ಮತ್ತೆ ಜಾರುವ ತೊಂದರೆಯೇ. ಒಣಗಿದ ಮೇಲೆ ಮರದ ತುಂಡಿನ ಮೇಲೆ ಹಾಸಿ ದುಂಡು ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ಬಿಲ್ಲೆ ಕತ್ತರಿಸಿ ಬರುತ್ತದೆ. ಪಂಚ್ ಎಲ್ಲಿ ಸಿಗುತ್ತೆ ಅಂತ ನಮ್ಮ ಜಿಲ್ಲೆಯಲ್ಲಿ ಕೇಳಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕೊಲ್ಹಾಪುರಿ ಚಪ್ಪಲಿ ಮಹಾರಾಷ್ಟ್ರದ್ದಷ್ಟೇ ಅಲ್ಲ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳದ್ದೂ ಹೌದು. ಅಥಣಿ, ನಿಪ್ಪಾಣಿ ಕಡೆ ಚರ್ಮದ ಕೆಲಸ ಮಾಡುವವರ ಹತ್ತಿರ ಎಲ್ಲ ಅಳತೆಯ ಪಂಚ್ ಇರುತ್ತದೆ. ಬೆಳಗಾವಿ ನಗರದವರು ಉದ್ಯಮಬಾಗದ ಕಡೆ ಗ್ಯಾಸ್ಕೆಟ್ ಕತ್ತರಿಸುವವರನ್ನು ಕೇಳಬಹುದು. ಅವರ ಹತ್ತಿರ ರಬ್ಬರ್ ಬೆರೆಸಿದ ಕಾರ್ಕ್ ಶೀಟಿನ ಚೂರುಗಳೂ ಇರುತ್ತವೆ. ಅದು ಟ್ಯೂಬಿಗಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಬಟ್ಟೆಯ ಮ್ಯಾಟಿಗೆ ಅಷ್ಟು ಸಾಕು.

ಬಿಲ್ಲೆ ಅಂಟಿಸುವಾಗ ಒಂದು ವಿಷಯ ನೆನಪಿಡಿ. ಟೊಳ್ಳು ಬೇಸಿನ ಒಳಗೆ ಅಂಟಿಸಿದ ಬಿಲ್ಲೆ ಮ್ಯಾಟನ್ನು ಮುಟ್ಟುವುದೇ ಇಲ್ಲ. ಒಂದೋ ಅಂಚಿನ ಹೊರ ಅಳತೆಗೆ ಸರಿಯಾಗಿ ಬಿಲ್ಲೆ ಕತ್ತರಿಸಿ ಅಂಚಿನ ಮೇಲೆ ಅಂಟಿಸಿ. ಇಲ್ಲ, ಟೊಳ್ಳನ್ನು ಎಂ-ಸೀಲ್ ತುಂಬಿ ಅಂಚಿನ ಮಟ್ಟಕ್ಕೆ ತಂದು ಅದರ ಮೇಲೆ ಅಂಟಿಸಿ. ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಫೆವಿಕ್ವಿಕ್ ಚೆನ್ನಾಗಿ ಹಿಡಿಯುತ್ತದೆ, ಹನಿ ಸಣ್ಣದಿರಲಿ. ಅಂಟಿಸಿದ ಕೂಡಲೇ ಮಿನಿಗಳನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ. ಅದರ ಆವಿ ಬಣ್ಣದ ಮೇಲೆ ಕೂತು ಬಿಳಿ ಪದರ ಕಟ್ಟುತ್ತದೆ. ಪಂಕ್ಚರ್ ಸಲ್ಯೂಷನ್ನಿನಿಂದ ಅಂಟಿಸಬೇಡಿ, ಅದರ ಸಾಲ್ವೆಂಟ್ ಪಾಲಿಸ್ಟೈರೀನ್ (ಮಿನಿಗಳ ಗಟ್ಟಿ ಪ್ಲಾಸ್ಟಿಕ್) ಬೇಸನ್ನು ಕರಗಿಸಬಹುದು.

ಕಪ್ಪು ರಬ್ಬರಿಗೆ ಒಂದು ದೋಷ ಇದೆ. ತಿಳಿ ಬಣ್ಣದ ಫ್ಲೆಕ್ಸಿನ ಮೇಲೆ ಬಹಳ ಹೊತ್ತು ಕೂತರೆ ಕಂದು ಕಲೆ ಬಿಡುತ್ತದೆ. ಹಿಮದ ಚಿತ್ರದ ಮ್ಯಾಟ್, ಮರಳುಗಾಡಿನ ಮ್ಯಾಟ್ ಇರುವವರು ಪಾರದರ್ಶಕ ಸಿಲಿಕೋನ್ ಸೀಲೆಂಟ್ ಬಳಸಿ, ಅಕ್ವೇರಿಯಂಗೆ ಹಾಕುವಂಥದ್ದು. ಬೆರಳ ತುದಿಯಲ್ಲಿ ಸ್ವಲ್ಪವೇ ತಗೊಂಡು ಅಂಚಿಗೆ ಸವರಿ. ಬಟರ್ ಪೇಪರ್ ಮೇಲೆ ಬೇಸನ್ನು ಹಗುರಾಗಿ ಕೂರಿಸಿ, ಒಂದು ದಿನ ಬಿಟ್ಟು ಪೇಪರ್ ಬಿಡಿಸಿ. ತಳ ಮಟ್ಟಸವಾದ ತೆಳು ಪದರ ಸಿಗುತ್ತದೆ. ಪಾಲಿಸ್ಟೈರೀನ್ ಮೇಲೆ ಸಿಲಿಕೋನ್ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಯಾವತ್ತೋ ಒಂದು ದಿನ ಸಿಪ್ಪೆಯ ಹಾಗೆ ಬರುತ್ತದೆ. ಆಗ ಮತ್ತೆ ಸವರಿದರಾಯ್ತು. ಬಣ್ಣ ಹಚ್ಚುವ ಕೆಲಸ ಪೂರ್ತಿ ಮುಗಿದ ಮೇಲೇ ಸಿಲಿಕೋನ್ ಮುಟ್ಟಿ. ಅದು ಕೈಗೆ ಹತ್ತಿ ಮಿನಿಗೆ ತಾಗಿದರೆ ಅಲ್ಲಿ ಬಣ್ಣ ನಿಲ್ಲುವುದಿಲ್ಲ.

ಫೆಲ್ಟ್ ಬಟ್ಟೆ ಅಂಟಿಸುವವರೂ ಇದ್ದಾರೆ. ಕುರ್ಚಿಯ ಕಾಲಿಗೆ ಫೆಲ್ಟ್ ಹಾಕುವುದು ಕುರ್ಚಿ ಸಲೀಸಾಗಿ ಜಾರಲಿ ಅಂತ. ಮಿನಿಗೂ ಅದೇ ಆಗುತ್ತದೆ. ಸ್ಯಾಂಡ್ ಪೇಪರನ್ನು ತಳಕ್ಕೆ ಅಂಟಿಸುವುದೂ ಬೇಡ. ಹಿಡಿಯುತ್ತದೆ ನಿಜ, ಆದರೆ ಕೆಲವೇ ಆಟಗಳಲ್ಲಿ ಬಟ್ಟೆಯ ಎಳೆ ಕಿತ್ತು, ಫ್ಲೆಕ್ಸಿನ ಇಂಕು ಕೆರೆದು ಹಾಕುತ್ತದೆ.

ಫ್ಯಾನ್ ಮತ್ತು ತೂಕ

ಏಪ್ರಿಲ್, ಮೇನಲ್ಲಿ ಫ್ಯಾನ್ ಇಲ್ಲದೆ ಆಡಲು ಆಗುವುದಿಲ್ಲ, ಅಲ್ವಾ? ರೆಕ್ಕೆ, ಬಾವುಟ, ಅಗಲವಾದ ಮೇಲಂಗಿ ಇರುವ ಪ್ಲಾಸ್ಟಿಕ್ ಮಿನಿಗಳನ್ನು ಫ್ಯಾನಿನ ಗಾಳಿ ತಳ್ಳುತ್ತದೆ. ಒಂದು ಸುತ್ತು ಫ್ಯಾನ್ ನಿಲ್ಲಿಸಿ ಆಡಿ ನೋಡಿದರೆ ಗೊತ್ತಾಗುತ್ತದೆ.

ತೂಕ ಹಾಕುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಎಲ್ಲದಕ್ಕೂ ತೂಕವೇ ಮದ್ದು ಅಂತ ತಿಳಿಯಬೇಡಿ. ತೂಕ ಎರಡು ಪಟ್ಟು ಮಾಡಿದರೆ ಹಿಡಿತವೂ ಎರಡು ಪಟ್ಟಾಗುತ್ತದೆ. ಇಳಿಜಾರಿನಲ್ಲಿ ಕೆಳಗೆ ಎಳೆಯುವ ಬಲವೂ ಎರಡು ಪಟ್ಟೇ ಆಗುತ್ತದೆ. ಹಾಗಾಗಿ ಹಲಗೆಯ ಪರೀಕ್ಷೆಯಲ್ಲಿ ಹಗುರ ಮಿನಿ ಮತ್ತು ಭಾರದ ಮಿನಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಜಾರುತ್ತವೆ. ಗಾಳಿಯ ಬಲ, ಅಂಗಿಯ ತೋಳಿನ ಬಲ ಮಾತ್ರ ಮಿನಿಯ ತೂಕದ ಮೇಲೆ ನಿಂತಿಲ್ಲ. ಅವುಗಳ ಎದುರು ಭಾರದ ಮಿನಿ ಗೆಲ್ಲುತ್ತದೆ.

ನಟ್ ಬೋಲ್ಟ್ ಅಂಗಡಿಯಲ್ಲಿ ಎಂ10 ವಾಷರ್ ಕೇಳಿ. ಸುಮಾರು 20 ಮಿ.ಮೀ. ಅಗಲ, 2 ಮಿ.ಮೀ. ದಪ್ಪ, ತೂಕ ಮೂರೂವರೆ ಗ್ರಾಂ ಹತ್ತಿರ. 5 ಗ್ರಾಂ ಮಿನಿಗೆ ಇದು ದೊಡ್ಡ ಏರಿಕೆ. 32 ಮಿ.ಮೀ. ಬೇಸಿನ ಟೊಳ್ಳಿನಲ್ಲಿ ಇಟ್ಟು, ಸುತ್ತ ಎಂ-ಸೀಲ್ ತುಂಬಿ. ವಾಷರ್ ಅಂಚಿಗಿಂತ ಹೊರಗೆ ಚಾಚದಿರಲಿ. ಚಾಚಿದರೆ ಬೇಸ್ ಬುಗುರಿಯ ಹಾಗೆ ನಡುಮಧ್ಯೆ ತಿರುಗುತ್ತದೆ.

ಗುಡ್ಡದ ಇಳಿಜಾರು

ಥರ್ಮಾಕೋಲಿನ ಗುಡ್ಡ ಮಾಡಿದವರು ಅದರ ಇಳಿಜಾರನ್ನು ಅಳೆಯುವುದೇ ಇಲ್ಲ. ಬೇಸ್ ಮ್ಯಾಟಿನ ಮೇಲೆ 20 ಡಿಗ್ರಿ ತನಕ ನಿಂತರೆ ಗುಡ್ಡದ ಇಳಿಜಾರು 15 ಮೀರದಿರಲಿ. ಅದಕ್ಕಿಂತ ಕಡಿದಾದ ಗುಡ್ಡ ಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿ. ಇಲ್ಲವಾದರೆ ಮ್ಯಾಗ್ನೆಟ್. ಬೇಸಿನ ತಳಕ್ಕೆ ಸಣ್ಣ ಮ್ಯಾಗ್ನೆಟ್, ಗುಡ್ಡದ ಮೇಲ್ಪದರದ ಕೆಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು. ಅಲ್ಯೂಮಿನಿಯಂ ತಗಡು ಹಿಡಿಯುವುದಿಲ್ಲ, ಪಾತ್ರೆಯ ಸ್ಟೀಲಿನಲ್ಲೂ ಹಿಡಿಯದ ಜಾತಿ ಇದೆ. ಅಂಗಡಿಗೆ ಮ್ಯಾಗ್ನೆಟ್ ಒಯ್ದು ಅಂಟಿಸಿ ನೋಡಿಯೇ ತಗೊಳ್ಳಿ.

ಎಲ್ಲ ಸೇರಿ ಗಟ್ಟಿಯಾಗಿ ಹಿಡಿದರೆ

ಹಲಗೆ 15 ಸೆಂ.ಮೀ. ದಾಟಿದರೂ ಜಾರದ ಮಿನಿಯನ್ನು ಬೆರಳಿನಿಂದ ತಳ್ಳಿದರೆ ಅದು ಸರಿಯುವ ಬದಲು ಮುಗ್ಗರಿಸುತ್ತದೆ. ಕತ್ತಿ, ಈಟಿ ಮುರಿಯುತ್ತವೆ. ಸಾಲು ಸಾಲಾಗಿ ಟ್ರೇಯಲ್ಲಿ ಸೈನ್ಯ ಸರಿಸುವ ಆಟಗಳಲ್ಲಂತೂ ಟ್ರೇಯ ತಳಕ್ಕೆ ರಬ್ಬರ್ ಹಾಕಲೇಬಾರದು. ಅಲ್ಲಿ ಟ್ರೇ ಜಾರಬೇಕು, ಟ್ರೇಯೊಳಗಿನ ಮಿನಿ ಜಾರಬಾರದು. ಹಿಡಿತ ಜಾಸ್ತಿ ಆಗಿದ್ದರೆ ಪೂರ್ತಿ ಬಿಲ್ಲೆ ತೆಗೆದು, ಅಂಚಿನ ಮೂರು ಕಡೆ ಸಣ್ಣ ಸಣ್ಣ ಚುಕ್ಕೆ ಅಂಟಿಸಿ. ಮೂರು ಚುಕ್ಕೆಯ ಮೇಲೆ ಬೇಸ್ ಯಾವತ್ತೂ ಅಲ್ಲಾಡುವುದಿಲ್ಲ.

ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಅಂಟಂಟಾದರೆ ತಳಕ್ಕೆ ಫೆವಿಕಾಲ್ ಸವರಿದ್ದೀರಾ ನೆನಪಿಸಿಕೊಳ್ಳಿ. ಬಿಳಿ ಫೆವಿಕಾಲ್ ತೇವಕ್ಕೆ ಮೆತ್ತಗಾಗುತ್ತದೆ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಸುಗಳು ತೇವ ಕುಡಿದು ಡೊಂಕಾಗುವುದೂ ಇದೇ ಕಾಲದಲ್ಲಿ. ಅವಕ್ಕೆ ಎರಡೂ ಕಡೆ ವಾರ್ನಿಶ್ ಹಚ್ಚಿಡಬೇಕು. ಒಂದೇ ಕಡೆ ಹಚ್ಚಿದರೆ ಇನ್ನೂ ಬೇಗ ಬಾಗುತ್ತವೆ.

ಸುತ್ತಿಡುವ ರೀತಿ

ಮ್ಯಾಟಿನ ಉಬ್ಬು ಹುಟ್ಟುವುದು ಇಲ್ಲೇ. ಮಡಚಬೇಡಿ, ಸುತ್ತಿ. ಸುತ್ತುವಾಗ ಚಿತ್ರ ಹೊರಗಿರಲಿ. ಆಗ ಬಿಚ್ಚಿದಾಗ ಅಂಚುಗಳು ಮೇಲೇಳದೆ ಟೇಬಲಿಗೆ ಒತ್ತಿಕೊಳ್ಳುತ್ತವೆ. ಒಳಗೆ ಒಂದು ದಪ್ಪ ಪೈಪು ಇಟ್ಟು ಸುತ್ತಿದರೆ ಇನ್ನೂ ಒಳ್ಳೆಯದು. ಈಗಾಗಲೇ ಉಬ್ಬು ಬಿದ್ದ ಫ್ಲೆಕ್ಸನ್ನು ಬೆಳಗಿನ ಎಳೆ ಬಿಸಿಲಲ್ಲಿ ಮಟ್ಟಸವಾಗಿ ಹಾಸಿ, ಬೆಚ್ಚಗಾದ ಮೇಲೆ ಒಳಗೆ ತಂದು ಪುಸ್ತಕಗಳ ಭಾರ ಇಡಿ. ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಫ್ಲೆಕ್ಸ್ ಸುರುಟಿಕೊಳ್ಳುತ್ತದೆ.

ಆಟ ನಡುವೆಯೇ ನಿಂತರೆ ಮಿನಿಗಳನ್ನು ಫ್ಲೆಕ್ಸಿನ ಮೇಲೆ ವಾರಗಟ್ಟಲೆ ಬಿಡಬೇಡಿ. ಪಿವಿಸಿಯನ್ನು ಮೆತ್ತಗೆ ಇಡಲು ಬೆರೆಸುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ಪಾಲಿಸ್ಟೈರೀನ್ ಬೇಸಿಗೆ ಇಳಿಯುತ್ತದೆ. ಬೇಸಿನ ಅಂಚು ಮೆತ್ತಗಾಗಿ ಮ್ಯಾಟಿಗೆ ಅಂಟಿಕೊಳ್ಳುತ್ತದೆ, ಕಿತ್ತರೆ ಚಿತ್ರದ ಇಂಕೂ ಜೊತೆಗೆ ಬರುತ್ತದೆ. ಡ್ರಾಯರಿನ ಜಾಳಿಗೆ ಮ್ಯಾಟೂ ಹೆಚ್ಚಾಗಿ ಪಿವಿಸಿಯದ್ದೇ. ಮಿನಿ ಇಡುವ ಡಬ್ಬಿಯ ತಳಕ್ಕೆ ಅದನ್ನು ಹಾಸುವ ರೂಢಿ ಇದ್ದರೆ ಇವತ್ತೇ ತೆಗೆದು ಬರೀ ಕಾಗದ ಹಾಸಿ.